ಬೋರಲು ಹಾಕಿದ ಕಾರ್ಡುಗಳು

ಮೊದಲು ಎಲ್ಲ ಕಾರ್ಡುಗಳನ್ನೂ ಮೇಜಿನ ಮೇಲೆ ಬೋರಲು ಹಾಕಿದೆ. ಕಾರ್ಡುಗಳ ಒಡೆಯರಿಗೆ ಅದು ಸರಿಬರಲಿಲ್ಲ. "ಆಟಗಾರ ಯಾರು ಅಂತ ನೋಡೋದೇ ಬೇಡವಾ?" ಅಂದರು. ಅವರೆಲ್ಲಿ ಓಡಿಹೋಗುತ್ತಾರೆ, ನೂರು ವರ್ಷದಿಂದ ಅಲ್ಲೇ ಬ್ಯಾಟ್ ಹಿಡಿದು ನಿಂತಿದ್ದಾರಲ್ಲ, ಆಮೇಲೆ ಮಾತಾಡಿಸೋಣ ಅಂದೆ. ಟಿ206 ಅನ್ನುವ, ಸಿಗರೇಟ್ ಪ್ಯಾಕಿನೊಳಗೆ ಬರುತ್ತಿದ್ದ ಈ ಬೇಸ್‌ಬಾಲ್ ಆಟಗಾರರ ಕಾರ್ಡುಗಳಲ್ಲಿ ಮುಂಭಾಗ ಹೇಳುವುದು ಆಟಗಾರನ ಹೆಸರು ಮತ್ತು ಊರು, ಅಷ್ಟೇ. ಅದು ಯಾವಾಗ ಅಚ್ಚಾಯಿತು, ಯಾವ ಸಿಗರೇಟಿನ ಜೊತೆ ಬಂತು, ಯಾವ ಕಾರ್ಖಾನೆಯಿಂದ ಹೊರಟಿತು, ಎಷ್ಟು ಅಪರೂಪ ಅನ್ನುವುದೆಲ್ಲ ಹಿಂಬದಿಯಲ್ಲಿ ಇರುತ್ತದೆ.

ನಾನು ನಾರ್ತ್ ಕ್ಯಾರೊಲೈನಾದವನಾಗಿ ಬಹಳ ವರ್ಷವಾಯಿತು. ಡರ್ಹಮ್‌ನಲ್ಲಿ ನಮ್ಮ ಆಫೀಸು ಇದ್ದದ್ದು ಹಳೆಯ ಅಮೆರಿಕನ್ ಟೊಬ್ಯಾಕೊ ಕಾರ್ಖಾನೆಯ ಆವರಣದಲ್ಲಿ. ಕೆಂಪು ಇಟ್ಟಿಗೆ ಕಟ್ಟಡಗಳು, ಲಕ್ಕಿ ಸ್ಟ್ರೈಕ್ ಅಂತ ಬರೆದ ಚಿಮಣಿ, ರಸ್ತೆ ದಾಟಿದರೆ ಡರ್ಹಮ್ ಬುಲ್ಸ್ ತಂಡದ ಬೇಸ್‌ಬಾಲ್ ಮೈದಾನ. ತಂಬಾಕು ಮತ್ತು ಬೇಸ್‌ಬಾಲ್ ಎರಡೂ ಹೀಗೆ ಅಕ್ಕಪಕ್ಕ ಇರುವ ಊರಲ್ಲಿ ಈ ಕಾರ್ಡುಗಳ ಹುಚ್ಚು ಹತ್ತದೇ ಇರುತ್ತದಾ? ಕ್ರಿಕೆಟ್ ನೋಡಿ ಬೆಳೆದ ತಲೆಗೆ ಬೇಸ್‌ಬಾಲ್ ನಿಯಮ ಹತ್ತಿದ್ದು ನಿಧಾನಕ್ಕೆ. ಕಾರ್ಡುಗಳು ಮಾತ್ರ ಬೇಗ ಹತ್ತಿದವು. ನಿವೃತ್ತರಾದ ಒಬ್ಬ ಸಹೋದ್ಯೋಗಿಗೆ ಇದು ಗೊತ್ತಿತ್ತು. ಅವರ ತಾಯಿಯ ಕಡೆಯ ಹಿರಿಯರೊಬ್ಬರು ವರ್ಜೀನಿಯಾದಲ್ಲಿ ತಂಬಾಕು ಬೆಳೆಯುತ್ತಿದ್ದರಂತೆ. ಅವರು ಬಿಟ್ಟುಹೋದ ಒಂದು ಚುರುಟಿನ ಡಬ್ಬಿ, ಹರಿದ ಆಲ್ಬಮ್ಮಿನ ಕೆಲವು ಕಪ್ಪು ಹಾಳೆಗಳನ್ನು ತಂದು ನನ್ನ ಮುಂದಿಟ್ಟು, ಇದರಲ್ಲಿ ಏನೇನಿದೆ ನೋಡಿ ಹೇಳು ಅಂದರು.

ಎಲ್ಲರೂ ಕೇಳುವುದನ್ನೇ ಅವರೂ ಕೇಳಿದರು. "ಹೋನಸ್ ವ್ಯಾಗ್ನರ್ ಇದೆಯಾ?" ಇಲ್ಲ. ಪಿಟ್ಸ್‌ಬರ್ಗ್ ತಂಡದ ವ್ಯಾಗ್ನರ್ ಕಾರ್ಡು ಸುಮಾರು ಐವತ್ತು ಅರವತ್ತು ಮಾತ್ರ ಉಳಿದಿವೆ. ತನ್ನ ಚಿತ್ರ ನೋಡಿ ಮಕ್ಕಳು ತಂಬಾಕು ಕೊಳ್ಳುವುದು ಬೇಡ ಅಂತ ಅವನು ಅಚ್ಚನ್ನೇ ನಿಲ್ಲಿಸಿದ ಅಂತ ಒಂದು ಕಥೆ, ದುಡ್ಡು ಕೊಡದ್ದಕ್ಕೆ ನಿಲ್ಲಿಸಿದ ಅಂತ ಇನ್ನೊಂದು. 2022ರಲ್ಲಿ ಒಂದು 72.5 ಲಕ್ಷ ಡಾಲರಿಗೆ ಹೋಯಿತು. ಡಬ್ಬಿಯಲ್ಲಿ ಅದು ಸಿಗುವುದು ಸಿನಿಮಾದಲ್ಲಿ.

ಈ ಕಾರ್ಡುಗಳು ಬಂದದ್ದು 1909ರಿಂದ 1911ರವರೆಗೆ. ಅಮೆರಿಕನ್ ಟೊಬ್ಯಾಕೊ ಕಂಪನಿ ಆಗ ಆ ದೇಶದ ಸಿಗರೇಟ್ ವ್ಯಾಪಾರವನ್ನು ಮುಷ್ಟಿಯಲ್ಲಿ ಇಟ್ಟುಕೊಂಡಿತ್ತು. ಒಂದೇ ಕಂಪನಿ, ಆದರೆ ಅಂಗಡಿಯಲ್ಲಿ ಹತ್ತಾರು ಹೆಸರು. ಆಟಗಾರರ ಚಿತ್ರ ಒಂದೇ, ಹಿಂಬದಿಯಲ್ಲಿ ಮಾತ್ರ ಬೇರೆ ಬೇರೆ ಬ್ರಾಂಡಿನ ಜಾಹೀರಾತು. 1911ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಏಕಸ್ವಾಮ್ಯದ ತಪ್ಪಿಗೆ ಈ ಕಂಪನಿಯನ್ನು ಒಡೆಯಲು ಹೇಳಿತು. ನಮಗೂ ಇದಕ್ಕೂ ಒಂದು ಸಣ್ಣ ನಂಟಿದೆ. 1902ರಲ್ಲಿ ಇದೇ ಕಂಪನಿ ಬ್ರಿಟನ್ನಿನ ಇಂಪೀರಿಯಲ್ ಟೊಬ್ಯಾಕೊ ಜೊತೆ ಕೂಡಿ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ಕಟ್ಟಿತು. 1910ರಲ್ಲಿ ಕಲ್ಕತ್ತಾದಲ್ಲಿ ಶುರುವಾದ ಇಂಪೀರಿಯಲ್ ಟೊಬ್ಯಾಕೊ ಕಂಪನಿ ಆಫ್ ಇಂಡಿಯಾ, ಅಂದರೆ ಇವತ್ತಿನ ಐಟಿಸಿ, ಆ ಸಂಸಾರಕ್ಕೇ ಸೇರಿದ್ದು.

ಸರಿ, ಬೋರಲು ಬಿದ್ದ ಕಾರ್ಡುಗಳಿಗೆ ಬರೋಣ. ಮೊದಲ ವಿಂಗಡಣೆಯನ್ನು ಕಣ್ಣೇ ಮಾಡುತ್ತದೆ, ಬಣ್ಣ ನೋಡಿ. ನೀಲಿ ಅಕ್ಷರದ್ದು ಪೀಡ್ಮಾಂಟ್. ಕೆಂಪಕ್ಷರದ್ದು ಸ್ವೀಟ್ ಕ್ಯಾಪೊರಲ್. ಈ ಎರಡು ರಾಶಿಗಳೇ ಮೇಜಿನ ಮುಕ್ಕಾಲು ಪಾಲು ತುಂಬಿದವು. ಎಲ್ಲಿ ಯಾರ ಮನೆಯ ಡಬ್ಬಿ ತೆಗೆದರೂ ಹೆಚ್ಚುಕಡಿಮೆ ಹೀಗೇ. ಹಸಿರಲ್ಲಿ ಒಂದೆರಡು ಸಾವರಿನ್, ಕಪ್ಪಲ್ಲಿ ಕೆಲವು ಓಲ್ಡ್ ಮಿಲ್. ಗಾಢ ನೀಲಿ ತುಂಬಿ ಬಿಳಿ ಅಕ್ಷರ ಬಿಟ್ಟಿರುವುದು ಪೋಲಾರ್ ಬೇರ್. ಅದನ್ನು ಓದುವ ಮುಂಚೆಯೇ ಗುರುತಿಸಬಹುದು, ಯಾಕೆಂದರೆ ಪೋಲಾರ್ ಬೇರ್ ಸಿಗರೇಟಲ್ಲ, ಪೊಟ್ಟಣದಲ್ಲಿ ಬರುತ್ತಿದ್ದ ಬಿಡಿ ತಂಬಾಕು. ಕಾರ್ಡು ತಂಬಾಕಿನ ಒಳಗೇ ಬಿದ್ದಿರುತ್ತಿತ್ತು. ಹಾಗಾಗಿ ಅಂಚಿನಲ್ಲಿ, ಆಟಗಾರನ ಮುಖದ ಮೇಲೆ, ಕಂದು ಕಲೆ ಇದ್ದರೆ ಅದು ಕೊಳೆಯಲ್ಲ, ಹುಟ್ಟಿದ ಕಲೆ. ಅದನ್ನು ತೊಳೆದು "ಚೆಂದ" ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕಂದು ಬಣ್ಣದ ಒಂದು ಕಾರ್ಡು ಪ್ರತ್ಯೇಕ ಬಿದ್ದಿತ್ತು. ಅದರ ಮೇಲೆ "ಹಿಂದೂ ಸಿಗರೇಟ್ಸ್" ಅಂತ. ಹೌದು, ಆ ಹೆಸರಿನದ್ದೊಂದು ಬ್ರಾಂಡ್ ಇತ್ತು. ಟರ್ಕಿ, ಈಜಿಪ್ಟ್, ಇಂಡಿಯಾ, ಯಾವುದಾದರೂ ಪೂರ್ವದ ಹೆಸರಿಟ್ಟರೆ ಸಿಗರೇಟಿಗೆ ಒಂದು ಗತ್ತು ಬರುತ್ತದೆ ಅಂತ ಅಂದಿನ ವ್ಯಾಪಾರಿಗಳ ಲೆಕ್ಕ. ಟಾಲ್‌ಸ್ಟಾಯ್ ಅಂತಲೂ ಒಂದು ಬ್ರಾಂಡ್ ಇತ್ತು, ಆ ಮಹಾನುಭಾವ ತಂಬಾಕಿನ ವಿರುದ್ಧವೇ ಬರೆದವನು! ಹಿಂದೂ ಬ್ಯಾಕ್‌ನಲ್ಲಿ ಎರಡು ಬಣ್ಣ. ಕಂದು ಮೊದಲ ಹಂತದ್ದು, ಕೆಂಪು ಕೊನೆಯ ಹಂತದ್ದು. ಕೆಂಪು ಹೆಚ್ಚು ಅಪರೂಪ. ಕಂದು ಕೂಡ ಸುಮ್ನೆ ಸಿಗುವಂಥದ್ದಲ್ಲ. ಒಡೆಯರು ನನ್ನ ಮುಖ ನೋಡಿ, ನಿಮ್ಮವರದ್ದೇ ಇರಬೇಕು ಅಂತ ನಕ್ಕರು.

ಬಣ್ಣದ ನಂತರ ಅಕ್ಷರ. ಹಿಂಬದಿಯಲ್ಲಿ "150 ಸಬ್ಜೆಕ್ಟ್ಸ್", "350 ಸಬ್ಜೆಕ್ಟ್ಸ್", "350-460 ಸಬ್ಜೆಕ್ಟ್ಸ್" ಅಂತ ಇರುತ್ತದೆ. ಅಂದರೆ ಆ ಸರಣಿಯಲ್ಲಿ ಎಷ್ಟು ಚಿತ್ರಗಳಿವೆ ಅಂತ ಕಂಪನಿಯ ಜಾಹೀರಾತು. ನಮಗೆ ಅದು ಕಾಲಸೂಚಿ. 150 ಮೊದಲಿನದ್ದು, 460 ಕೊನೆಯದ್ದು. ಕೆಳಗಿನ ಸಾಲಿನಲ್ಲಿ ಕಾರ್ಖಾನೆಯ ಸಂಖ್ಯೆ, ತೆರಿಗೆ ಜಿಲ್ಲೆ. ಇದು ಚೆಂದಕ್ಕೆ ಹಾಕಿದ್ದಲ್ಲ. ತಂಬಾಕಿಗೆ ಕೇಂದ್ರ ಸರ್ಕಾರದ ಸುಂಕ ಇತ್ತು, ಸರಕು ಯಾವ ಕಾರ್ಖಾನೆಯದ್ದು ಅಂತ ನಮೂದಿಸಬೇಕಿತ್ತು. ಪೀಡ್ಮಾಂಟಿನಲ್ಲಿ ಸಾಮಾನ್ಯವಾಗಿ ಸಿಗುವುದು ಫ್ಯಾಕ್ಟರಿ 25, ವರ್ಜೀನಿಯಾದ 2ನೇ ಜಿಲ್ಲೆ. ಫ್ಯಾಕ್ಟರಿ 42 ಅಂದರೆ ನಮ್ಮ ನಾರ್ತ್ ಕ್ಯಾರೊಲೈನಾದ 4ನೇ ಜಿಲ್ಲೆ. ಪೀಡ್ಮಾಂಟ್ ಹಿಂಬದಿಯಲ್ಲಿ 42 ಇದ್ದರೆ ಬೆಲೆಯೇ ಬೇರೆ. ಸ್ವೀಟ್ ಕ್ಯಾಪೊರಲ್‌ನಲ್ಲಿ ಇನ್ನೊಂದು ತಮಾಷೆ. ಬೇರೆ ಕಾರ್ಖಾನೆಯ ಸಂಖ್ಯೆ ಅಚ್ಚಾದದ್ದರ ಮೇಲೆಯೇ 42 ಅಂತ ಇನ್ನೊಮ್ಮೆ ಅಚ್ಚು ಹೊಡೆದ ಕಾರ್ಡುಗಳಿವೆ. ಮೊದಲ ಸಂಖ್ಯೆ ಅದರ ಕೆಳಗೆ ಇಣುಕುತ್ತಿರುತ್ತದೆ. ಎಷ್ಟೋ ಜನ ಅದನ್ನು ಮಸಿ ಚೆಲ್ಲಿದ್ದು ಅಂತ ಪಕ್ಕಕ್ಕೆ ಹಾಕಿರುತ್ತಾರೆ. ಈ ಡಬ್ಬಿಯಲ್ಲಿ ಅಂಥದ್ದು ಸಿಗಲಿಲ್ಲ. ಇದ್ದದ್ದರಲ್ಲಿ ಹೆಚ್ಚಿನವು 25, ಕೆಲವು 30.

ಕಷ್ಟ ಶುರುವಾದದ್ದು ಆಲ್ಬಮ್ ಹಾಳೆಗಳಿಂದ. ಯಾರೋ ಹುಡುಗ ಮೈದಾ ಅಂಟು ಮಾಡಿ, ಕಾರ್ಡಿನ ಬೆನ್ನಿಗೆ ಧಾರಾಳವಾಗಿ ಬಳಿದು, ಕಪ್ಪು ಹಾಳೆಗೆ ಒತ್ತಿಬಿಟ್ಟಿದ್ದ. ಹುಡುಗನನ್ನು ಬೈಯುವ ಹಾಗಿಲ್ಲ. ಈ ಕಾರ್ಡುಗಳಿಗೆ ಟಿ206 ಅಂತ ಸಂಖ್ಯೆ ಕೊಟ್ಟ ಜೆಫರ್ಸನ್ ಬರ್ಡಿಕ್ ಕೂಡ ತನ್ನ ಸಂಗ್ರಹವನ್ನು ಆಲ್ಬಮ್ಮುಗಳಿಗೆ ಅಂಟಿಸಿದವನೇ. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸಿನವನು, ಮೈಕೈ ಸಂಧಿವಾತದಿಂದ ಸೆಟೆದುಕೊಂಡಿದ್ದರೂ ಮೂರು ಲಕ್ಷಕ್ಕೂ ಜಾಸ್ತಿ ಚೀಟಿ, ಕಾರ್ಡುಗಳನ್ನು ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಕೊಟ್ಟ. ಅಲ್ಲೇ ಕೂತು ವರ್ಷಗಟ್ಟಲೆ ಅಂಟಿಸಿದ. 1963ರ ಜನವರಿಯಲ್ಲಿ ಕೆಲಸ ಮುಗಿಸಿದ, ಮಾರ್ಚಿನಲ್ಲಿ ತೀರಿಕೊಂಡ. ಹಿಂಬದಿಯ ಮೇಲೆ ಇಷ್ಟು ದೊಡ್ಡ ವ್ಯವಹಾರ ನಡೆಯುತ್ತದೆ ಅಂತ ಅವನ ಕಾಲದಲ್ಲಿ ಯಾರಿಗೆ ಗೊತ್ತಿತ್ತು?

ಅಂಟಿದ ಕಾರ್ಡು ಬಿಡಿಸಲು ನೀರು ಸಾಕು. ಒಡೆಯರಿಗೆ ಎದೆ ಧಸಕ್ ಅಂತು. ಆದರೆ ಈ ಕಾರ್ಡುಗಳ ಮಸಿ ಎಣ್ಣೆಯ ಮಸಿ, ನೀರಿಗೆ ಕದಲುವುದಿಲ್ಲ. ಕದಲುವುದು ಅಂಟು ಮತ್ತು ಆಲ್ಬಮ್ಮಿನ ಕಪ್ಪು ಬಣ್ಣ. ಪೆನ್ನಿನಲ್ಲಿ ಏನಾದರೂ ಬರೆದಿದ್ದರೆ ಮಾತ್ರ ಅದು ಹರಡುತ್ತದೆ, ಅಂಥವನ್ನು ಮುಟ್ಟಲಿಲ್ಲ. ಗಾಜಿನ ತಟ್ಟೆಯಲ್ಲಿ ಡಿಸ್ಟಿಲ್ಡ್ ನೀರು ಹಾಕಿ, ಕಾರ್ಡಿನ ಸುತ್ತ ಹಾಳೆ ಕತ್ತರಿಸಿ, ಮುಖ ಕೆಳಗೆ ಮಾಡಿ ಬಿಟ್ಟೆ. ಸ್ವಲ್ಪ ಹೊತ್ತಿಗೆ ನೀರು ಕಪ್ಪು ಚಹಾದ ಬಣ್ಣಕ್ಕೆ ತಿರುಗಿತು. ಚೆಲ್ಲಿ, ಹೊಸ ನೀರು. ಇಲ್ಲಿ ಬೇಕಾದದ್ದು ಕೈಚಳಕವಲ್ಲ, ಕೈಕಟ್ಟಿ ಕೂರುವ ಗುಣ. ಹಾಳೆಯನ್ನು ಎಳೆಯಬಾರದು. ಅದು ತಾನಾಗಿ ಜಾರುವವರೆಗೆ ಕಾಯಬೇಕು. ಜಾರಿದ ಮೇಲೆ ಬೆನ್ನಿನ ಮೇಲೆ ಲೋಳೆಯಂಥ ಅಂಟು ಉಳಿದಿರುತ್ತದೆ. ಅದನ್ನು ಬೆರಳ ತುದಿಯಿಂದ, ಒತ್ತದೆ, ನೀರೊಳಗೇ ಸವರಿ ತೆಗೆಯಬೇಕು. ಆಮೇಲೆ ಎರಡು ಬ್ಲಾಟಿಂಗ್ ಪೇಪರ್ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕಗಳ ಭಾರ. ಒದ್ದೆಯಾದ ಬ್ಲಾಟಿಂಗ್ ಪೇಪರ್ ಬದಲಿಸುತ್ತಾ ಇರಬೇಕು, ಇಲ್ಲದಿದ್ದರೆ ಒಣಗಿದ ಕಾರ್ಡು ಹಪ್ಪಳದಂತೆ ಸುರುಟುತ್ತದೆ.

ಎಲ್ಲ ಹಿಂಬದಿಯೂ ಪೂರ್ತಿ ಬಿಡಿಸಿಕೊಂಡು ಬರಲಿಲ್ಲ. ಹಿಂದೆ ಯಾರೋ ಕಿತ್ತು ತೆಗೆಯಲು ನೋಡಿದ್ದ ಕಡೆ ಕಾಗದದ ಪದರವೇ ಎದ್ದುಹೋಗಿತ್ತು. ಒಂದು ಸ್ವೀಟ್ ಕ್ಯಾಪೊರಲ್‌ನಲ್ಲಿ ಕಾರ್ಖಾನೆಯ ಸಂಖ್ಯೆ ಇರಬೇಕಾದ ಜಾಗ ಬೋಳು. ಉಳಿದದ್ದು "2ನೇ ಡಿಸ್ಟ್ರಿಕ್ಟ್" ಅನ್ನುವಷ್ಟು. ಆದರೆ ಫ್ಯಾಕ್ಟರಿ 25 ಇರುವುದು ವರ್ಜೀನಿಯಾದ 2ನೇ ಜಿಲ್ಲೆಯಲ್ಲಿ, ಫ್ಯಾಕ್ಟರಿ 30 ನ್ಯೂಯಾರ್ಕಿನ 2ನೇ ಜಿಲ್ಲೆಯಲ್ಲಿ. ಎರಡೂ 2ನೇ ಜಿಲ್ಲೆಯೇ! ಭೂತಗನ್ನಡಿ ಹಿಡಿದು ಆ ಸಾಲಿನ ಕೊನೆ ನೋಡಿದೆ. ರಾಜ್ಯದ ಹೆಸರಿನ ಮೊದಲ ಅಕ್ಷರದ ಒಂದು ಕೆಂಪು ಗೆರೆ ಮಾತ್ರ ಉಳಿದಿತ್ತು. ನ್ಯೂಯಾರ್ಕ್ ಆಗಿದ್ದರೆ ಎನ್ ಅಕ್ಷರದ ಎಡಗಾಲು ನೆಟ್ಟಗೆ ನಿಲ್ಲಬೇಕು. ಇದು ಬಲಕ್ಕೆ ಓರೆಯಾಗಿ ಇಳಿದಿತ್ತು, ಅಂದರೆ ವಿ. ಹತ್ತಿರವೇ ಇದ್ದ ಇನ್ನೊಂದು 25ರ ಕಾರ್ಡಿನ ಪಕ್ಕ ಇಟ್ಟು ಓರೆ ಹೋಲಿಸಿದೆ. ಸರಿಹೊಂದಿತು. ಅದರ ಮುಂದೆ 25 ಅಂತ ಬರೆದೆ.

ಹಿಂಬದಿಯ ಕೆಲಸ ಮುಗಿದ ಮೇಲೆ ಕಾರ್ಡುಗಳನ್ನು ಅಂಗಾತ ಮಾಡಿದೆ. ಮುಂಭಾಗದಲ್ಲಿ ನೋಡಬೇಕಾದದ್ದು ಕೆಳಗಿನ ಕಂದಕ್ಷರದ ಸಾಲು. ಮೂರು ವರ್ಷ ಅಚ್ಚು ನಡೆದಿದೆ, ಆ ಮೂರು ವರ್ಷದಲ್ಲಿ ಆಟಗಾರರು ತಂಡ ಬದಲಿಸಿದ್ದಾರೆ. ಕಂಪನಿ ಕೆಲವು ಕಡೆ ಚಿತ್ರ ಹಾಗೇ ಇಟ್ಟು ಊರಿನ ಹೆಸರು ಮಾತ್ರ ತಿದ್ದಿತು. ಬಿಲ್ ಡಾಲೆನ್ 1909ರವರೆಗೆ ಬಾಸ್ಟನ್ನಿನಲ್ಲಿದ್ದ, 1910ರಲ್ಲಿ ಬ್ರೂಕ್ಲಿನ್ ತಂಡದ ಮ್ಯಾನೇಜರ್ ಆದ. ಹಾಗಾಗಿ ಅವನದ್ದು ಬಾಸ್ಟನ್ ಒಂದು, ಬ್ರೂಕ್ಲಿನ್ ಒಂದು. ಫ್ರಾಂಕ್ ಸ್ಮಿತ್ 1910ರ ಆಗಸ್ಟಿನಲ್ಲಿ ಷಿಕಾಗೊದಿಂದ ಬಾಸ್ಟನ್ನಿಗೆ ಹೋದ. ಅವನ ಒಂದು ಕಾರ್ಡಿನಲ್ಲಿ ಎರಡೂ ಊರುಗಳನ್ನು ಒಟ್ಟಿಗೆ ಹಾಕಿ ಕೈತೊಳೆದುಕೊಂಡರು. ನಮಗೆ ಸಿಕ್ಕಿದ್ದು ಬಾಸ್ಟನ್ ಡಾಲೆನ್. ಹಿಂಬದಿ ಪೀಡ್ಮಾಂಟ್ 150. ಅದು ಸರಿಯಾಗಿಯೇ ಇದೆ, ಯಾಕೆಂದರೆ ಬ್ರೂಕ್ಲಿನ್ ಅಂತ ತಿದ್ದಿದ್ದು ಮುಂದಿನ ಹಂತದಲ್ಲಿ.

ಮುಖ ಮತ್ತು ಬೆನ್ನು ಒಂದಕ್ಕೊಂದು ಸಾಕ್ಷಿ ಹೇಳಬೇಕು. ನಾನು ಈ ಹವ್ಯಾಸದಲ್ಲಿ ಕಲಿತದ್ದರಲ್ಲಿ ಅತಿ ಉಪಯೋಗದ್ದು ಇದೇ. ರೇ ಡೆಮಿಟ್, ಬಿಲ್ ಓಹಾರ ಇಬ್ಬರ ಕಾರ್ಡೂ ನ್ಯೂಯಾರ್ಕ್ ಹೆಸರಲ್ಲಿ ಸಿಗುತ್ತವೆ. ಸೇಂಟ್ ಲೂಯಿಸ್ ಅಂತ ಇರುವುದು ಅಪರೂಪ, ಮತ್ತು ಅದು ಬರುವುದು ಪೋಲಾರ್ ಬೇರ್ ಹಿಂಬದಿಯ ಜೊತೆ ಮಾತ್ರ. ಬೇರೆ ಬ್ಯಾಕ್ ಇದ್ದರೆ ಏನೋ ಕೈವಾಡ ನಡೆದಿದೆ ಅಂತಲೇ ಲೆಕ್ಕ. ಫಿಲಡೆಲ್ಫಿಯಾದ ಷೆರಿ ಮಗೀ ಹೆಸರನ್ನು ಶುರುವಿನಲ್ಲಿ ತಪ್ಪು ಕಾಗುಣಿತದಲ್ಲಿ ಅಚ್ಚುಹಾಕಿದ್ದರು. ಎರಡು ಇ ಇರಬೇಕಾದ ಕಡೆ ಒಂದು ಐ, ಒಂದು ಇ. ಬೇಗ ತಿದ್ದಿದರು. ಆ ತಪ್ಪು ಕಾರ್ಡು ಪೀಡ್ಮಾಂಟ್ 150 ಬಿಟ್ಟು ಬೇರೆಲ್ಲೂ ಇಲ್ಲ. ನ್ಯೂಯಾರ್ಕಿನ ಜೋ ಡಾಯ್ಲ್‌ನದ್ದು ಇನ್ನೂ ಮಜಾ. ಬೇಸ್‌ಬಾಲಿನ ಎರಡು ದೊಡ್ಡ ಲೀಗುಗಳಲ್ಲಿ ಅವನು ಅಮೆರಿಕನ್ ಲೀಗಿನವನು. ಅದೇ ಊರಿನ ನ್ಯಾಷನಲ್ ಲೀಗ್ ತಂಡದಲ್ಲಿ ಲ್ಯಾರಿ ಡಾಯ್ಲ್ ಅಂತ ಇನ್ನೊಬ್ಬ ಇದ್ದ. ಗೊಂದಲದಲ್ಲಿ ಜೋನ ಚಿತ್ರದ ಕೆಳಗೆ ನ್ಯಾಷನಲ್ ಅನ್ನುವುದನ್ನು ಚಿಕ್ಕದಾಗಿಸಿ "NAT'L" ಅಂತ ಸೇರಿಸಿಬಿಟ್ಟರು, ಗೊತ್ತಾದ ಕೂಡಲೇ ಅಳಿಸಿದರು. ಅದರ ಹಿಂಬದಿ ಯಾವಾಗಲೂ ಪೀಡ್ಮಾಂಟ್ 350. ಸಾಮಾನ್ಯ ಡಾಯ್ಲ್ ಕಾರ್ಡಿಗೆ ಆ ನಾಲ್ಕು ಅಕ್ಷರ ಸೇರಿಸಿ ಮಾರುವ ಕಿಲಾಡಿಗಳಿದ್ದಾರೆ. ಅವರು ಹಿಂಬದಿ ನೋಡುವುದನ್ನು ಮರೆತಿದ್ದರೆ ಅಲ್ಲೇ ಸಿಕ್ಕಿಬೀಳುತ್ತಾರೆ.

ಎಲ್ಲ ವ್ಯತ್ಯಾಸವೂ ತಪ್ಪಿನಿಂದ ಬಂದದ್ದಲ್ಲ. ಹಾಲ್ ಚೇಸ್ ಅನ್ನುವವನ ಐದು ಬೇರೆ ಬೇರೆ ಚಿತ್ರಗಳಿವೆ. ಅದರಲ್ಲಿ ಚೆಂಡೆಸೆಯುವ ಭಂಗಿ ಎರಡು. ಒಂದರಲ್ಲಿ ಟೋಪಿ ಕಪ್ಪು, ಇನ್ನೊಂದರಲ್ಲಿ ಬಿಳಿ. ಪಟ್ಟಿಯಲ್ಲಿ ಹೆಸರು ಮಾತ್ರ ಬರೆದುಕೊಂಡರೆ ಎರಡೂ ಒಂದೇ ಆಗಿಬಿಡುತ್ತವೆ. ಅಂದಹಾಗೆ ಈ ಚೇಸ್ ಪಂದ್ಯ ಮಾರಿಕೊಳ್ಳುವುದಕ್ಕೆ ಕುಖ್ಯಾತ. ಕ್ರಿಕೆಟ್ಟಿನ ನಮಗೆ ಹೊಸದಲ್ಲ ಬಿಡಿ. ಟೈ ಕಾಬ್‌ನದ್ದು ನಾಲ್ಕು. ಕೆಂಪು ಹಿನ್ನೆಲೆಯ ಮುಖ, ಹಸಿರು ಹಿನ್ನೆಲೆಯ ಮುಖ, ಬ್ಯಾಟು ಹೆಗಲ ಮೇಲೆ, ಬ್ಯಾಟು ಹೆಗಲಿಂದಾಚೆ. ಹಸಿರು ಕೆಂಪಿಗಿಂತ ಕಡಿಮೆ ಸಿಗುತ್ತದೆ.

ಡಬ್ಬಿಯ ತಳದಲ್ಲಿ ಒಂದು ಹಸಿರು ಕಾಬ್ ಇತ್ತು. ಒಡೆಯರ ಕಣ್ಣು ಅರಳಿತು. ನನ್ನದು ಅರಳಲಿಲ್ಲ. ಉಳಿದ ಕಾರ್ಡುಗಳಿಗೆಲ್ಲ ಒಂದೇ ವಯಸ್ಸಿನ ಕಳೆ ಇತ್ತು, ಇದು ಅವುಗಳ ನಡುವೆ ನೆಂಟರ ಮದುವೆಗೆ ಕರೆಯದೇ ಬಂದವನ ಹಾಗೆ ಕಾಣುತ್ತಿತ್ತು. ಭೂತಗನ್ನಡಿ ತೆಗೆದೆ. ಟಿ206 ಅಚ್ಚಾದದ್ದು ಕಲ್ಲಚ್ಚಿನಲ್ಲಿ, 1843ರಲ್ಲಿ 'ಮಂಗಳೂರ ಸಮಾಚಾರ' ಬಂದದ್ದೂ ಅದೇ ಬಗೆಯ ಅಚ್ಚಿನಲ್ಲಿ. ಇಲ್ಲಿ ಬಣ್ಣ ಬಣ್ಣಕ್ಕೆ ಬೇರೆ ಅಚ್ಚು, ಒಂದರ ಮೇಲೊಂದು. ಕೈಯಲ್ಲಿ ಇಟ್ಟ ಚುಕ್ಕಿಗಳು ಒಂದು ಕಡೆ ಒತ್ತೊತ್ತಾಗಿ, ಇನ್ನೊಂದು ಕಡೆ ವಿರಳವಾಗಿ ಇರುತ್ತವೆ. ಹೆಸರಿನ ಅಕ್ಷರಗಳು ಮಾತ್ರ ಗಟ್ಟಿ ಕಂದು, ಚುಕ್ಕಿಯಿಲ್ಲದ ಒಂದೇ ಮಸಿ. ಈ ಕಾಬ್‌ನ ಕೆನ್ನೆಯಲ್ಲಿ ಚುಕ್ಕಿಗಳು ಶಿಸ್ತಾಗಿ ಹೂವಿನಂತೆ ಸುತ್ತುಗಟ್ಟಿ ಕೂತಿದ್ದವು. ಹೆಸರಿನ ಅಕ್ಷರಗಳೂ ಅದೇ ಚುಕ್ಕಿಗಳಿಂದ ಆಗಿದ್ದವು, ಅಂಚು ಹಲ್ಲುಹಲ್ಲಾಗಿ. ಈಗಿನ ಆಫ್‌ಸೆಟ್ ಅಚ್ಚು. ದೀಪ ಆರಿಸಿ ನೇರಳಾತೀತ ಟಾರ್ಚ್ ಹಿಡಿದೆ. ಬೇರೆ ಕಾರ್ಡುಗಳು ಮಂಕಾಗಿಯೇ ಇದ್ದವು, ಇದು ತೊಳೆದ ಬಿಳಿ ಅಂಗಿಯಂತೆ ನೀಲಿಯಾಗಿ ಹೊಳೆಯಿತು. ಕಾಗದಕ್ಕೆ ಹೊಳಪಿನ ರಾಸಾಯನಿಕ ಹಾಕುವುದು ಶುರುವಾದದ್ದು ಈ ಕಾರ್ಡುಗಳ ಕಾಲ ಮುಗಿದು ದಶಕಗಳಾದ ಮೇಲೆ. ಅಲ್ಲಿಗೆ ವಿಚಾರಣೆ ಮುಗಿಯಿತು. ಮನೆಯವರೇ ಯಾರೋ ಇತ್ತೀಚೆಗೆ ಅಂಗಡಿಯಿಂದ ತಂದು ಹಾಕಿದ್ದಿರಬೇಕು, ಮೋಸ ಅಂತೇನೂ ಅಲ್ಲ.

ಅಳತೆಯ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಕಾರ್ಡಿನ ಅಗಲ ಒಂದೂವರೆ ಇಂಚಿಗೆ ಕೂದಲಷ್ಟು ಕಡಿಮೆ, ಎತ್ತರ ಎರಡೂವರೆಗಿಂತ ಸ್ವಲ್ಪ ಜಾಸ್ತಿ. ಸವೆದ ಅಂಚನ್ನು ಕತ್ತರಿಸಿ ಹೊಸದರಂತೆ ತೋರಿಸುವ ಚಾಳಿ ಹಳೆಯದು. ಐಸ್ ಹಾಕಿಯ ವೇಯ್ನ್ ಗ್ರೆಟ್ಸ್‌ಕಿ 1991ರಲ್ಲಿ ಪಾಲುದಾರನ ಜೊತೆ 4,51,000 ಡಾಲರ್ ಕೊಟ್ಟು ಕೊಂಡ ಪ್ರಸಿದ್ಧ ವ್ಯಾಗ್ನರ್ ಕಾರ್ಡಿನ ಅಂಚು ಕತ್ತರಿಸಿದ್ದೇ ಅಂತ ಅದನ್ನು ಹಿಂದೆ ಮಾರಿದ್ದ ವ್ಯಾಪಾರಿ 2013ರಲ್ಲಿ ಕೋರ್ಟಿನಲ್ಲಿ ಒಪ್ಪಿಕೊಂಡ. ಹಾಗಂತ ಸಣ್ಣದೆಲ್ಲ ಕತ್ತರಿಸಿದ್ದಲ್ಲ. ಅಮೆರಿಕನ್ ಬ್ಯೂಟಿ ಬ್ರಾಂಡಿನ ಕಾರ್ಡುಗಳು ಹುಟ್ಟಾ ಅಗಲ ಕಡಿಮೆ. ಇದೂ ಹಿಂಬದಿ ನೋಡದೆ ತೀರ್ಪು ಕೊಡಬಾರದ ಮಾತು.

ಒಂದು ವಿಷಯದಲ್ಲಿ ಮಾತ್ರ ನನಗೂ ಬೇರೆ ಸಂಗ್ರಹಕಾರರಿಗೂ ಜಗಳ. ಮಸಿಯ ಪ್ರತಿ ಚುಕ್ಕೆಯೂ "ಹೊಸ ಬಗೆ" ಅನ್ನುವವರಿದ್ದಾರೆ. ಸ್ನಾಡ್‌ಗ್ರಾಸ್ ಹೆಸರಿನ ಮೊದಲ ಎಸ್ ಅಕ್ಷರವೇ ಬೀಳದೆ "ನಾಡ್‌ಗ್ರಾಸ್" ಆದ ಕಾರ್ಡನ್ನು ಬೇರೆ ಬಗೆ ಅಂತ ಒಪ್ಪುತ್ತೇನೆ, ಅದು ಮತ್ತೆ ಮತ್ತೆ ಅದೇ ರೀತಿ ಸಿಗುತ್ತದೆ. ಆದರೆ ತುಟಿಯ ಕೆಂಪು ಕೂದಲಷ್ಟು ಪಕ್ಕಕ್ಕೆ ಸರಿದದ್ದು, ಆಕಾಶದಲ್ಲಿ ಒಂದು ಗೀಟು ಬಿದ್ದದ್ದು, ಇವು ಅಚ್ಚುಮನೆಯ ಸೋಮವಾರ ಬೆಳಗಿನ ಕೆಲಸ ಅಷ್ಟೇ. ಬಣ್ಣವೇ ಬಿಟ್ಟುಹೋಗಿದೆ ಅನ್ನುವ ಕಾರ್ಡುಗಳಲ್ಲಿ ಅರ್ಧ ಬಿಸಿಲಿಗೆ ಮಾಸಿದವು. ಭೂತಗನ್ನಡಿಯಲ್ಲಿ ಕೆಂಪಿನ ಜಾಡು ಎಲ್ಲಾದರೂ ಒಂದು ಕಡೆ ಉಳಿದಿರುತ್ತದೆ. ನಮ್ಮ ಡಬ್ಬಿಯಲ್ಲೂ ಅಂಥದ್ದೊಂದು ಇತ್ತು. ಪಟ್ಟಿಯಲ್ಲಿ "ಮಾಸಿದೆ" ಅಂತ ಬರೆದೆ.

ಪಟ್ಟಿ ಸಿದ್ಧವಾದ ಮೇಲೆ ಗ್ರೇಡಿಂಗಿಗೆ, ಅಂದರೆ ಕಾರ್ಡಿನ ಸ್ಥಿತಿ ನೋಡಿ ದರ್ಜೆ ಕೊಡುವವರಿಗೆ, ಯಾವುದನ್ನು ಕಳಿಸೋದು ಅನ್ನುವ ಪ್ರಶ್ನೆ. ಎಲ್ಲವನ್ನೂ ಕಳಿಸೋಣ ಅಂದರು. ಸಾಮಾನ್ಯ ಆಟಗಾರನ ಮೂಲೆ ಸವೆದ ಪೀಡ್ಮಾಂಟಿಗೆ ಶುಲ್ಕ, ಅಂಚೆ, ವಿಮೆ ಎಲ್ಲ ಸೇರಿದರೆ ಲೆಕ್ಕಾಚಾರ ಕೂಡುವುದಿಲ್ಲ. ಹಿಂದೂ ಬ್ಯಾಕ್, ಒಂದೆರಡು ಓಲ್ಡ್ ಮಿಲ್, ಅಂಚು ಚೂಪಾಗಿ ಉಳಿದ ಒಂದು ಸಾವರಿನ್ ಮಾತ್ರ ಸಾಕು ಅಂತ ಒಪ್ಪಿಸಿದೆ. ಉಳಿದವು ಬ್ರಾಂಡು, ಸರಣಿ, ಕಾರ್ಖಾನೆಯ ಕ್ರಮದಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೆ ಅವರ ಮನೆಗೆ ಹೋದವು. ಕೂಲಿ ಏನು ಕೊಡಲಿ ಅಂತ ಕೇಳಿದರು. ಆ ಹಸಿರು ಕಾಬ್ ಕೊಡಿ ಅಂದೆ. ನಕಲಿ ಅಂತ ನೀನೇ ಹೇಳಿದೆಯಲ್ಲ ಅಂತ ಅನುಮಾನದಿಂದ ನೋಡಿದರು. ಯಾರಾದರೂ ಹೊಸಬರು ಕಾರ್ಡು ತಂದರೆ ಭೂತಗನ್ನಡಿಯ ಕೆಳಗೆ ಪಕ್ಕಕ್ಕಿಟ್ಟು ತೋರಿಸಲು ಅದಕ್ಕಿಂತ ಒಳ್ಳೆಯದು ನನ್ನ ಹತ್ತಿರ ಇರಲಿಲ್ಲ. ಅವರು ಕೊಟ್ಟರು, ಆದರೆ ಮನೆಗೆ ಹೋಗುವ ಮುಂಚೆ ಇನ್ನೊಂದು ಸಲ ಟಾರ್ಚ್ ಹಿಡಿಸಿ ನೋಡಿಯೇ ಕೊಟ್ಟರು.